ಎರವಲು ಪೆಟ್ಟಿಗೆಯ ಪಾಠ: ಟೆಕ್ಸಾಸ್‌ನ ಮಕ್ಕಳಿಗೆ ವಸಾಹತು ಚರಿತ್ರೆ

ಡಲ್ಲಾಸ್ ಮಹಾನಗರದ ಉತ್ತರಕ್ಕೆ, ಡೆಂಟನ್ ಕೌಂಟಿಯಲ್ಲಿರುವ ಲೂಯಿಸ್‌ವಿಲ್ ಪಟ್ಟಣದ ಮಗ್ಗುಲಲ್ಲಿ, ಅದೇ ಹೆಸರಿನ ಸರೋವರದ ಪೂರ್ವ ದಂಡೆಯ ಮೇಲೆ ‘ದಿ ಕಾಲೊನಿ’ ಎಂಬ ಊರಿದೆ. ಬ್ಯಾಂಕ್ ಕಾಲೊನಿ, ಪೊಲೀಸ್ ಕಾಲೊನಿ ಎಂಬ ಹೆಸರುಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದು ಯಾವುದೋ ಬಡಾವಣೆಯ ಹೆಸರಿನಂತೆ ಕೇಳಿಸುತ್ತದೆ. ನಿಜದಲ್ಲಿ ಅದು ‘ಪೀಟರ್ಸ್ ಕಾಲೊನಿ’ಯ ನೆನಪು. 1841ರಲ್ಲಿ, ಆಗಿನ್ನೂ ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸ್, ಈ ಪ್ರದೇಶಕ್ಕೆ ಜನರನ್ನು ಕರೆತಂದು ನೆಲೆಗೊಳಿಸುವ ಗುತ್ತಿಗೆಯನ್ನು ಡಬ್ಲ್ಯು. ಎಸ್. ಪೀಟರ್ಸ್ ಮತ್ತು ಅವನ ಜೊತೆಗಾರರಿಗೆ ಕೊಟ್ಟಿತು. ಬಂದು ನೆಲೆಸುವ ಕುಟುಂಬಕ್ಕೆ 640 ಎಕರೆಯವರೆಗೆ, ಒಂಟಿ ಪುರುಷನಿಗೆ 320 ಎಕರೆಯವರೆಗೆ ಭೂಮಿ ಎಂಬುದು ಅದರ ಷರತ್ತು.

ಆ ಭೂಮಿ ಖಾಲಿಯಾಗಿರಲಿಲ್ಲ. ಟ್ರಿನಿಟಿ ನದಿಯ ಕವಲುಗಳ ಉದ್ದಕ್ಕೂ ಕ್ಯಾಡೊ, ವಿಚಿಟಾ ಮೊದಲಾದ ಬುಡಕಟ್ಟುಗಳ ಹಳ್ಳಿಗಳಿದ್ದವು. ಅದೇ 1841ರ ಮೇ ತಿಂಗಳಿನಲ್ಲಿ, ಇಂದಿನ ಆರ್ಲಿಂಗ್ಟನ್ ನಗರದ ಬಳಿಯ ವಿಲೇಜ್ ಕ್ರೀಕ್ ಎಂಬಲ್ಲಿ ಆ ಹಳ್ಳಿಗಳ ಮೇಲೆ ದಾಳಿ ನಡೆಯಿತು. ದಾಳಿಯ ನಾಯಕ ಎಡ್ವರ್ಡ್ ಟ್ಯಾರಂಟ್. ಅದರಲ್ಲಿ ಸತ್ತವನು ಜಾನ್ ಡೆಂಟನ್. ಇಂದು ನಮ್ಮಲ್ಲಿ ಅನೇಕರು ತೆರಿಗೆ ಕಟ್ಟುವ ಎರಡು ಕೌಂಟಿಗಳು ಈ ಇಬ್ಬರ ಹೆಸರನ್ನು ಹೊತ್ತಿವೆ. 1859ರಲ್ಲಿ ಬ್ರಾಜೋಸ್ ಮೀಸಲು ಪ್ರದೇಶದಲ್ಲಿ ಉಳಿದಿದ್ದ ಮೂಲನಿವಾಸಿಗಳನ್ನೂ ರೆಡ್ ನದಿಯಾಚೆಗೆ, ಇಂದಿನ ಒಕ್ಲಹೋಮಾಕ್ಕೆ ಸಾಗಿಸಲಾಯಿತು. ‘ಟೆಕ್ಸಾಸ್’ ಎಂಬ ಹೆಸರು ಮಾತ್ರ ಇಲ್ಲಿಯೇ ಉಳಿಯಿತು. ಅದು ಕ್ಯಾಡೊ ಭಾಷೆಯಲ್ಲಿ ‘ಸ್ನೇಹಿತ’ ಎಂಬರ್ಥದ ಪದದಿಂದ ಬಂದದ್ದು.

ಹೀಗೆ ವಸಾಹತು ಎಂಬುದು ಇಲ್ಲಿ ಊರಿನ ಹೆಸರಾಗಿ, ಕೌಂಟಿಯ ಹೆಸರಾಗಿ ದಿನವೂ ಕಣ್ಣಿಗೆ ಬೀಳುತ್ತದೆ. ಆದರೆ ಮಗುವಿನ ಅರಿವಿಗೆ ಬರುವುದಿಲ್ಲ. ಟೆಕ್ಸಾಸ್‌ನ ಪಠ್ಯಕ್ರಮದಲ್ಲಿ ನಾಲ್ಕನೆಯ ಮತ್ತು ಏಳನೆಯ ತರಗತಿಗಳಲ್ಲಿ ರಾಜ್ಯದ ಚರಿತ್ರೆಯನ್ನು ಕಲಿಸುತ್ತಾರೆ. ಸ್ಪೇನ್, ಫ್ರಾನ್ಸ್, ಮೆಕ್ಸಿಕೊ, ಟೆಕ್ಸಾಸ್ ಗಣರಾಜ್ಯ, ದಕ್ಷಿಣದ ಒಕ್ಕೂಟ, ಅಮೆರಿಕ ಸಂಯುಕ್ತ ಸಂಸ್ಥಾನ ಎಂಬ ಆರು ಧ್ವಜಗಳ ಕಥೆ ಇಲ್ಲಿನ ಎಲ್ಲ ಮಕ್ಕಳಿಗೂ ಬಾಯಿಪಾಠ. ಆರರಲ್ಲಿ ಒಂದೂ ಮೂಲನಿವಾಸಿಗಳದಲ್ಲ. ಇಸವಿಗಳಲ್ಲಿ, ಧ್ವಜಗಳಲ್ಲಿ ಮರೆಯಾಗುವ ಈ ಸಂಗತಿಯನ್ನು ಮಕ್ಕಳ ಮುಂದಿಡಲು ಶಿಕ್ಷಕರು ಬಹುಕಾಲದಿಂದ ಬಳಸುತ್ತ ಬಂದಿರುವ ಒಂದು ಉಪಾಯ, ಸಂಗ್ರಹಾಲಯದಿಂದ ವಸ್ತುಗಳನ್ನು ಎರವಲು ತಂದು ಅವುಗಳಿಂದಲೇ ಪಾಠ ಹೇಳುವುದು. ಆ ವಿಧಾನವೇನು, ಅದರ ಬಲ ಮತ್ತು ಮಿತಿಗಳೇನು, ಕನ್ನಡದ ಮನೆಗಳಿಗೆ ಅದು ಹೇಗೆ ಒದಗೀತು ಎಂಬುದು ಈ ಲೇಖನದ ವಿಷಯ.

ಎರವಲು ಪೆಟ್ಟಿಗೆ

ಸಂಗ್ರಹಾಲಯವು ತನ್ನ ಮುಖ್ಯ ಸಂಗ್ರಹದ ವಸ್ತುಗಳನ್ನು ಶಾಲೆಗೆ ಕಳಿಸುವುದಿಲ್ಲ. ಮಕ್ಕಳು ಮುಟ್ಟಬಹುದಾದ, ಒಡೆದರೂ ಚರಿತ್ರೆಗೆ ನಷ್ಟವಾಗದ ವಸ್ತುಗಳನ್ನು ಬೇರೆಯಾಗಿಯೇ ಇಟ್ಟಿರುತ್ತದೆ. ಅವುಗಳಲ್ಲಿ ಕೆಲವು ಅಸಲಿ, ಹೆಚ್ಚಿನವು ಪ್ರತಿಕೃತಿಗಳು. ಇವನ್ನು ಶಿಕ್ಷಕರ ಕೈಪಿಡಿ, ಭೂಪಟ, ಹಳೆಯ ದಾಖಲೆಗಳ ನಕಲುಗಳೊಡನೆ ಒಂದು ಪೆಟ್ಟಿಗೆಯಲ್ಲಿಟ್ಟು ವಾರ ಎರಡು ವಾರಗಳ ಅವಧಿಗೆ ಶಾಲೆಗೆ ಕೊಡುವುದುಂಟು. ಅಮೆರಿಕದಲ್ಲಿ ಇದಕ್ಕೆ ‘ಟ್ರಾವೆಲಿಂಗ್ ಟ್ರಂಕ್’ ಎಂದು ಹೆಸರು. ರಾಷ್ಟ್ರೀಯ ಉದ್ಯಾನ ಸೇವೆಯ ಹಲವು ತಾಣಗಳೂ ಇಂಥ ಪೆಟ್ಟಿಗೆಗಳನ್ನು ಕೊಡುತ್ತವೆ.

ಈ ಪದ್ಧತಿಗೆ ಶತಮಾನಕ್ಕೂ ಮೀರಿದ ವಯಸ್ಸಾಗಿದೆ. 1905ರಲ್ಲಿ ಸೇಂಟ್ ಲೂಯಿ ನಗರದ ಶಾಲಾ ಮಂಡಳಿ ತನ್ನದೇ ಒಂದು ಶೈಕ್ಷಣಿಕ ಸಂಗ್ರಹಾಲಯವನ್ನು ತೆರೆದು, ಕುದುರೆ ಗಾಡಿಯಲ್ಲಿ ವಸ್ತುಗಳನ್ನು ಶಾಲೆಯಿಂದ ಶಾಲೆಗೆ ಸಾಗಿಸತೊಡಗಿತು. ಶಿಕಾಗೊದ ಫೀಲ್ಡ್ ಸಂಗ್ರಹಾಲಯವೂ 1910ರ ದಶಕದಲ್ಲಿ ಇಂಥದೇ ಕಾರ್ಯವನ್ನು ಆರಂಭಿಸಿತು. ಸೇಂಟ್ ಲೂಯಿಯ ವಸ್ತುಗಳು ಎಲ್ಲಿಂದ ಬಂದವೆಂಬುದು ಗಮನಾರ್ಹ. ಹಿಂದಿನ ವರ್ಷ, 1904ರಲ್ಲಿ, ಅದೇ ನಗರದಲ್ಲಿ ನಡೆದ ವಿಶ್ವ ಮೇಳದ ಪ್ರದರ್ಶನಗಳಿಂದ ಅವುಗಳನ್ನು ಪಡೆಯಲಾಗಿತ್ತು. ಫ್ರಾನ್ಸಿನಿಂದ ಲೂಯಿಸಿಯಾನಾ ಪ್ರದೇಶವನ್ನು ಅಮೆರಿಕ ಕೊಂಡ ನೂರನೆಯ ವರ್ಷದ ಸಂಭ್ರಮಕ್ಕಾಗಿ ಏರ್ಪಟ್ಟ ಮೇಳ ಅದು. ಆಗತಾನೆ ಅಮೆರಿಕದ ವಶವಾಗಿದ್ದ ಫಿಲಿಪೀನ್ಸ್‌ನಿಂದ ಸಾವಿರಕ್ಕೂ ಹೆಚ್ಚು ಜನರನ್ನು ತಂದು, ಕಟ್ಟಿಸಿದ ‘ಹಳ್ಳಿ’ಗಳಲ್ಲಿರಿಸಿ, ಪ್ರೇಕ್ಷಕರಿಗೆ ತೋರಿಸಿದ ಮೇಳವೂ ಹೌದು. ವಸಾಹತನ್ನು ಕುರಿತು ಕಲಿಸಬಲ್ಲ ಪೆಟ್ಟಿಗೆ ವಸಾಹತಿನ ಕೂಸೇ ಆಗಿತ್ತು. ಆದಕಾರಣ ಪೆಟ್ಟಿಗೆಯೊಳಗೆ ಏನಿದೆ ಎಂದಷ್ಟೇ ಕೇಳಿದರೆ ಸಾಲದು, ಅದು ಪೆಟ್ಟಿಗೆಯೊಳಕ್ಕೆ ಹೇಗೆ ಬಂತು ಎಂದೂ ಕೇಳಬೇಕು.

ವಸ್ತುಪಾಠದ ತಿರುಳು ಪ್ರಶ್ನೆಗಳಲ್ಲಿದೆ. ಇದು ಯಾವುದರಿಂದ ಆಗಿದೆ? ಯಾರು ಮಾಡಿದರು? ಯಾರ ಬಳಕೆಗೆ? ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ದಾಟಿತು: ಮಾರಾಟವೆ, ಕಾಣಿಕೆಯೆ, ಕೊಳ್ಳೆಯೆ? ಈಗ ಯಾರದು, ಮತ್ತು ಹಾಗೆಂದು ತೀರ್ಮಾನಿಸುವಾಗ ಯಾರನ್ನು ಕೇಳಲಿಲ್ಲ? ಮೊದಲ ಮೂರಕ್ಕೆ ಮಗು ವಸ್ತುವನ್ನು ನೋಡಿಯೇ ಉತ್ತರಿಸಬಲ್ಲದು. ಕೊನೆಯ ಎರಡಕ್ಕೆ ದಾಖಲೆ ಬೇಕು, ಚರ್ಚೆ ಬೇಕು. ವಸಾಹತು ಚರಿತ್ರೆ ಆರಂಭವಾಗುವುದು ಅಲ್ಲಿ.

ಒಂದು ರಾಜ್ಯವೇ ಎರವಲು ತಂದ ಹಡಗು

ಟೆಕ್ಸಾಸ್‌ನಲ್ಲಿ ಈ ಪ್ರಶ್ನೆಗಳನ್ನು ಕೇಳಲು ‘ಲಾ ಬೆಲ್’ ಹಡಗಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. 1684ರಲ್ಲಿ ಫ್ರಾನ್ಸಿನ ಲಾ ಸಾಲ್, ಮಿಸಿಸಿಪಿ ನದಿಯ ಮುಖದಲ್ಲಿ ವಸಾಹತು ಸ್ಥಾಪಿಸಲು ನಾಲ್ಕು ಹಡಗುಗಳಲ್ಲಿ ಸುಮಾರು 300 ಜನರೊಡನೆ ಹೊರಟನು. ನದಿಯ ಮುಖ ತಪ್ಪಿ, 1685ರಲ್ಲಿ ಟೆಕ್ಸಾಸ್‌ನ ಮಾಟಗೋರ್ಡಾ ಕೊಲ್ಲಿಗೆ ಬಂದಿಳಿದನು. ಅಲ್ಲಿ ಒಂದು ಹಡಗು ನೆಲಕಚ್ಚಿ ಒಡೆಯಿತು. ದಡಕ್ಕೆ ತೇಲಿಬಂದ ಸರಕನ್ನು ಆ ಕರಾವಳಿಯ ಕರಂಕಾವಾ ಜನ ಎತ್ತಿಕೊಂಡರು. ಫ್ರೆಂಚರು ಅದನ್ನು ಮರಳಿ ಕೇಳಲು ಹೋದವರು, ಅವರ ದೋಣಿಗಳನ್ನೂ ಹೊದಿಕೆಗಳನ್ನೂ ತೆಗೆದುಕೊಂಡು ಬಂದರು. ವೈರ ಹುಟ್ಟಿದ್ದು ಹೀಗೆ, ವಸ್ತುಗಳಿಂದಲೇ. 1686ರಲ್ಲಿ ಕೊನೆಯ ಹಡಗಾದ ಲಾ ಬೆಲ್ ಕೊಲ್ಲಿಯಲ್ಲಿ ಮುಳುಗಿತು. 1687ರಲ್ಲಿ ಲಾ ಸಾಲ್‌ನನ್ನು ಅವನ ಕಡೆಯವರೇ ಕೊಂದರು. ಅವನ ಕೋಟೆ ಕರಂಕಾವಾ ದಾಳಿಗೆ ನಾಶವಾಯಿತು. ಬದುಕುಳಿದ ಕೆಲವು ಮಕ್ಕಳನ್ನು ಕರಂಕಾವಾ ಮನೆಗಳವರೇ ಸಾಕಿದರು.

1995ರಲ್ಲಿ ಟೆಕ್ಸಾಸ್ ಚಾರಿತ್ರಿಕ ಆಯೋಗದ ಪುರಾತತ್ವಜ್ಞರು ಆ ಹಡಗನ್ನು ಕಂಡುಹಿಡಿದರು. ಸುತ್ತಲೂ ಉಕ್ಕಿನ ಗೋಡೆ ಕಟ್ಟಿ, ಒಳಗಿನ ನೀರನ್ನು ಹೊರಹಾಕಿ, 1996–97ರಲ್ಲಿ ಕೊಲ್ಲಿಯ ತಳದಲ್ಲೇ ಉತ್ಖನನ ನಡೆಸಿದರು. ದೊರೆತ ವಸ್ತುಗಳು ಹತ್ತು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಸಣ್ಣ ಗಾಜಿನ ಮಣಿಗಳು. ಜೊತೆಗೆ ಹಿತ್ತಾಳೆಯ ಗೆಜ್ಜೆಗಳು, ಉಂಗುರಗಳು, ಬಾಚಣಿಗೆಗಳು, ಕೊಡಲಿಗಳು, ಚಾಕುಗಳು. ಮೂಲನಿವಾಸಿಗಳೊಡನೆ ವ್ಯಾಪಾರಕ್ಕೆಂದು ತಂದ ಸರಕು ಇದು. ಹಡಗಿನ ಒಡಲು ಈಗ ಆಸ್ಟಿನ್‌ನ ಬುಲ್ಲಾಕ್ ಸಂಗ್ರಹಾಲಯದಲ್ಲಿದೆ. ಆಸ್ಟಿನ್ ಕುಟುಂಬಗಳಿಗೆ ಅದು ಊರೊಳಗಿನ ತಾಣ. ಹ್ಯೂಸ್ಟನ್, ಡಲ್ಲಾಸ್‌ಗಳಿಂದ ಒಂದು ದಿನದ ಪ್ರಯಾಣ.

ಅಲ್ಲಿಗೆ ಹೋಗುವ ಮಗುವಿಗೆ ಹೇಳಬೇಕಾದ ಮುಖ್ಯ ಸಂಗತಿಯೆಂದರೆ ಈ ಹಡಗು ಟೆಕ್ಸಾಸ್‌ನದಲ್ಲ. ರಾಜನ ಹಡಗು ಎಷ್ಟು ಶತಮಾನ ನೀರಿನಲ್ಲಿದ್ದರೂ ಅದರ ಒಡೆತನ ಅಳಿಯದೆಂದು ಫ್ರಾನ್ಸ್ ವಾದಿಸಿತು. 2003ರ ಒಪ್ಪಂದದಂತೆ ಒಡೆತನ ಫ್ರಾನ್ಸಿನದು; 99 ವರ್ಷಗಳ ಅವಧಿಗೆ ಪಾಲನೆ ಟೆಕ್ಸಾಸ್‌ನದು. ಎಂದರೆ ಇಡೀ ಹಡಗೇ ಒಂದು ಎರವಲು ವಸ್ತು. ಹಕ್ಕನ್ನು ಗೌರವಿಸುವುದು, ವಸ್ತುವನ್ನು ಅದು ದೊರೆತ ನೆಲದಲ್ಲೇ ಇರಿಸುವುದು, ಎರಡನ್ನೂ ಏಕಕಾಲಕ್ಕೆ ಸಾಧಿಸಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ಒಪ್ಪಂದ ಎರಡು ಸರಕಾರಗಳ ನಡುವಿನದು. ಆ ಮಣಿಗಳು ಯಾರ ಕೊರಳಿಗೆಂದು ಬಂದಿದ್ದವೋ ಅವರು ಅದರಲ್ಲಿ ಪಕ್ಷವಾಗಿರಲಿಲ್ಲ. ಕರಂಕಾವಾ ಜನ ನಿರ್ನಾಮವಾದರೆಂದೇ ಪುಸ್ತಕಗಳು ಬಹುಕಾಲ ಹೇಳಿದವು. ಅವರ ವಂಶಸ್ಥರೆಂದು ಹೇಳಿಕೊಳ್ಳುವವರು ಇತ್ತೀಚಿನ ವರ್ಷಗಳಲ್ಲಿ ‘ಕರಂಕಾವಾ ಕಡ್ಲಾ’ ಎಂಬ ಹೆಸರಿನಲ್ಲಿ ಸಂಘಟಿತರಾಗಿದ್ದಾರೆ. ಅಂಗೈಯಲ್ಲಿ ಒಂದು ಗಾಜಿನ ಮಣಿಯನ್ನಿಟ್ಟುಕೊಂಡು ಹತ್ತು ವರ್ಷದ ಮಗುವೂ ಈ ಮೂರು ಪಕ್ಷಗಳನ್ನು ಎಣಿಸಬಲ್ಲದು.

ಶ್ರೀರಂಗಪಟ್ಟಣದಿಂದ ಹೊರಟ ವಸ್ತುಗಳು

ಇದೇ ಪ್ರಶ್ನೆಗಳನ್ನು ನಮ್ಮ ನಾಡಿಗೆ ಅನ್ವಯಿಸಿದರೆ ಮನಸ್ಸು ಶ್ರೀರಂಗಪಟ್ಟಣಕ್ಕೆ ಹೋಗುತ್ತದೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ನಡೆದ ಲೂಟಿಯಲ್ಲಿ ಅರಮನೆಯ ಐಶ್ವರ್ಯ ಚದುರಿಹೋಯಿತು. ಬಂಗಾರದ ಹೊದಿಕೆಯ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಹುಲಿಮುಖದ ಬಿಡಿಭಾಗಗಳಲ್ಲಿ ಒಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಮೇಲ್ಛಾವಣಿಯ ಹುಮಾ ಪಕ್ಷಿ ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿತು. ಐರೋಪ್ಯ ಸೈನಿಕನ ಮೇಲೆರಗಿದ ಮರದ ಹುಲಿ, ಹೊಟ್ಟೆಯೊಳಗೆ ವಾದ್ಯವಿರುವ ಆ ಯಂತ್ರ, ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಜನಪ್ರಿಯ ಪ್ರದರ್ಶನವಾಗಿ, 1880ರಲ್ಲಿ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯಕ್ಕೆ ಬಂತು. ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಸಂದ ಕತ್ತಿಯೊಂದು 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು.

ಇವುಗಳಲ್ಲಿ ಯಾವುದನ್ನೂ ಶಾಲೆಗೆ ಎರವಲು ತರಲಾಗದು. ಆದರೆ ಚಿತ್ರಗಳು ಸಾಕು, ಸರಿಯಾಗಿ ಜೋಡಿಸಿದರೆ. ಆ ಹುಲಿಯ ಚಿತ್ರದ ಪಕ್ಕದಲ್ಲಿ ವಿಜಯದ ನೆನಪಿಗೆ ಕಂಪನಿಯು ಇಂಗ್ಲೆಂಡಿನಲ್ಲಿ ಮಾಡಿಸಿದ ಶ್ರೀರಂಗಪಟ್ಟಣ ಪದಕದ ಚಿತ್ರವನ್ನಿಡಿ. ಒಂದರಲ್ಲಿ ಹುಲಿ ಮೇಲೆ, ಬಿಳಿಯ ಸೈನಿಕ ಕೆಳಗೆ; ಇನ್ನೊಂದರಲ್ಲಿ ಸಿಂಹ ಮೇಲೆ, ಹುಲಿ ಕೆಳಗೆ. ಒಂದೇ ಯುದ್ಧವನ್ನು ಎರಡು ಕಡೆಯವರು ಒಂದೇ ಚಿತ್ರಭಾಷೆಯಲ್ಲಿ ಹೇಳಿದ್ದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಬಳಿಕ ಇನ್ನೊಂದು ಸಂಗತಿ ತಿಳಿಸಬಹುದು: ಆ ಪದಕವನ್ನು ಅತ್ಯುನ್ನತ ಅಧಿಕಾರಿಗಳಿಗೆ ಬಂಗಾರದಲ್ಲಿ, ಕೆಳಗಿಳಿದಂತೆ ಬೆಳ್ಳಿ, ಕಂಚುಗಳಲ್ಲಿ, ಭಾರತೀಯ ಸಿಪಾಯಿಗಳಿಗೆ ತವರದಲ್ಲಿ ಮಾಡಿಸಲಾಗಿತ್ತು. ಸಾಮ್ರಾಜ್ಯದ ಏಣಿಯನ್ನು ವಿವರಿಸಲು ಇದಕ್ಕಿಂತ ಹೆಚ್ಚು ಮಾತು ಬೇಡ. ಕಂಪನಿಯ ಸೇನೆಯಲ್ಲಿ ಹೋರಾಡಿದವರಲ್ಲಿ ಬಹುಪಾಲು ನಮ್ಮವರೇ ಎಂಬ ಮಾತಿಗೂ ಅದೇ ಪೀಠಿಕೆ.

ಅಮೆರಿಕದ ಮಗುವಿಗೆ ಇನ್ನೂ ಹತ್ತಿರದ ವಸ್ತುವೆಂದರೆ ಮೈಸೂರಿನ ರಾಕೆಟ್. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಈ ಅಸ್ತ್ರಗಳ ಮಾದರಿಗಳನ್ನು ಬ್ರಿಟಿಷರು ಊಲ್ವಿಚ್‌ಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅಲ್ಲಿ ಬೆಳೆಸಿದ ರಾಕೆಟ್‌ಗಳು 1814ರಲ್ಲಿ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ಸುರಿದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್‌ಗಳ ಪ್ರಸ್ತಾಪ ಆ ರಾತ್ರಿಯದೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದು, ಶಿವಮೊಗ್ಗದ ಸರಕಾರಿ ಸಂಗ್ರಹಾಲಯ ಸೇರಿವೆ. ಬೇಸಗೆ ರಜೆಯಲ್ಲಿ ಊರಿಗೆ ಹೋಗುವ ಕುಟುಂಬಗಳು ನೋಡಬಹುದಾದ, ಎಲ್ಲಿಗೂ ಒಯ್ಯಲ್ಪಡದ ಸಾಕ್ಷ್ಯ ಅದು.

ಹತ್ತಿಯ ಕಾಯಿ: ಎರಡು ನಾಡುಗಳ ನಂಟು

ರಾಜರ ಆಯುಧಗಳಿಂದಷ್ಟೇ ಕಲಿಸಿದರೆ ವಸಾಹತು ಎಂದರೆ ಯುದ್ಧ ಎಂಬ ಭ್ರಮೆ ಉಳಿದೀತು. ಅದನ್ನು ತಿದ್ದಲು ಟೆಕ್ಸಾಸ್‌ನಲ್ಲಿ ಸುಲಭವಾಗಿ ಸಿಗುವ ವಸ್ತುವೊಂದಿದೆ: ಅರಳಿದ ಹತ್ತಿಯ ಕಾಯಿ. ಮಗು ಬೀಜದಿಂದ ಎಳೆಯನ್ನು ಬಿಡಿಸಲು ಯತ್ನಿಸಲಿ. ಅಮೆರಿಕದ ತಳಿಯಲ್ಲಿ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ, ಬೆರಳು ನೋಯುತ್ತದೆ. ಯಂತ್ರ ಬಂದದ್ದೇಕೆ, ಹತ್ತಿ ಕೀಳಲು ಅಷ್ಟೊಂದು ಕೈಗಳು ಬೇಕಾದದ್ದೇಕೆ ಎಂಬುದು ಆಗ ಹೊಳೆಯುತ್ತದೆ. 1860ರ ಜನಗಣತಿಯಂತೆ ಟೆಕ್ಸಾಸ್‌ನಲ್ಲಿ ಗುಲಾಮಗಿರಿಯಲ್ಲಿದ್ದವರ ಸಂಖ್ಯೆ 1,82,566. ಅವರಿಗೆ ಬಿಡುಗಡೆಯ ಘೋಷಣೆ ತಲುಪಿದ್ದು 1865ರ ಜೂನ್ 19ರಂದು, ಗ್ಯಾಲ್ವೆಸ್ಟನ್ನಿನಲ್ಲಿ.

ಇನ್ನು ಧಾರವಾಡದ ಕಡೆಗೆ ಬರೋಣ. ಲ್ಯಾಂಕಷೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿಯೊಂದೇ ಆಧಾರವಾಗಬಾರದೆಂದು ಕಂಪನಿಯು 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಭಾರತಕ್ಕೆ ಕರೆಸಿ ಪ್ರಯೋಗ ನಡೆಸಿತು. ಬಹುತೇಕ ಕಡೆ ಸೋತ ಆ ತಳಿ ಧಾರವಾಡ, ಗದಗಗಳ ಕಪ್ಪುನೆಲದಲ್ಲಿ ಬೇರೂರಿ ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿನ ಹತ್ತಿ ನಿಂತುಹೋದಾಗ ಧಾರವಾಡದ ಹತ್ತಿಯ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿದೊಡನೆ ಇಳಿಯಿತು. ಟೆಕ್ಸಾಸ್‌ನ ಗುಲಾಮನಿಗೆ ಬಿಡುಗಡೆಯಾದ ವರ್ಷವೇ ಧಾರವಾಡದ ರೈತನಿಗೆ ಬೆಲೆ ಕುಸಿದ ವರ್ಷ. ಇಬ್ಬರೂ ಒಬ್ಬರನ್ನೊಬ್ಬರು ಅರಿಯರು. ಇಬ್ಬರನ್ನೂ ಕಟ್ಟಿದ ನೂಲು ಒಂದೇ. ವಸಾಹತು ವ್ಯವಸ್ಥೆಯು ದೂರದ ಮಾರುಕಟ್ಟೆಯ ರೂಪದಲ್ಲಿ ಹೊಲದೊಳಗೆ ಬರುವ ಬಗೆಯನ್ನು ಈ ಕಾಯಿ ಹೇಳುತ್ತದೆ.

ಎಚ್ಚರ ಬೇಕಾದಲ್ಲಿ

ಎಲ್ಲ ವಸ್ತುಗಳೂ ಪಾಠಕ್ಕೆ ಒದಗುವುದಿಲ್ಲ, ಒದಗಲೂ ಬಾರದು. ಅಮೆರಿಕದಲ್ಲಿ 1990ರ ಕಾಯಿದೆಯು ಮೂಲನಿವಾಸಿಗಳ ಅಸ್ಥಿಗಳನ್ನೂ ಪವಿತ್ರ ವಸ್ತುಗಳನ್ನೂ ಅವರಿಗೆ ಮರಳಿಸಲು ಸಂಗ್ರಹಾಲಯಗಳನ್ನು ಬದ್ಧಗೊಳಿಸಿತು. 2024ರ ಹೊಸ ನಿಯಮಗಳಂತೆ ಅಂಥವುಗಳ ಪ್ರದರ್ಶನಕ್ಕೂ ಅವರ ಒಪ್ಪಿಗೆ ಬೇಕು. ಡಲ್ಲಾಸ್ ಕಲಾ ಸಂಗ್ರಹಾಲಯದಲ್ಲೇ ಇದಕ್ಕೆ ಹತ್ತಿರದ ಒಂದು ನಿದರ್ಶನ ನಡೆದಿದೆ. ನೇಪಾಳದ ಪಾಟನ್ನಿನಲ್ಲಿ 1984ರಲ್ಲಿ ಕಳುವಾದ ಲಕ್ಷ್ಮೀನಾರಾಯಣ ಶಿಲ್ಪವೊಂದು 1990ರಿಂದ ಅಲ್ಲಿ ಖಾಸಗಿ ಸಂಗ್ರಾಹಕರೊಬ್ಬರ ಎರವಲಾಗಿ ಇತ್ತು. 2021ರಲ್ಲಿ ಅದು ನೇಪಾಳಕ್ಕೆ ಮರಳಿ, ತನ್ನ ಗುಡಿಯನ್ನು ಸೇರಿತು. ಸಂಗ್ರಹಾಲಯದಲ್ಲಿ ಕಲಾಕೃತಿ, ಪಾಟನ್ನಿನಲ್ಲಿ ದೇವರು. ಈ ವ್ಯತ್ಯಾಸ ಕನ್ನಡದ ಮಗುವಿಗೆ ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ಎರಡನೆಯ ಎಚ್ಚರ ನಮ್ಮೊಳಗಿನದು. ಟಿಪ್ಪು ಎಂದೊಡನೆ ಕನ್ನಡಿಗರಲ್ಲಿ ಒಮ್ಮತವಿಲ್ಲ. ಕರ್ನಾಟಕ ಸರಕಾರ 2015ರಲ್ಲಿ ಆರಂಭಿಸಿದ ಟಿಪ್ಪು ಜಯಂತಿ 2019ರಲ್ಲಿ ರದ್ದಾಯಿತು. ಕೊಡವರಿಗೂ ಮಂಗಳೂರಿನ ಕ್ರೈಸ್ತರಿಗೂ ಮೇಲುಕೋಟೆಯವರಿಗೂ ಅವನ ಆಳ್ವಿಕೆಯ ನೆನಪು ನೋವಿನದು. ಕೊಳ್ಳೆಯಾದದ್ದು ಯಾರದು ಎಂಬ ಕಾರಣಕ್ಕೆ ಕೊಳ್ಳೆ ನ್ಯಾಯವಾಗುವುದಿಲ್ಲ. ಕೊಳ್ಳೆಗೊಳಗಾದ ಕಾರಣಕ್ಕೆ ಅರಸ ನಿರ್ದೋಷಿಯಾಗುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಪಾಠವೇ ಪಾಠ. ಪರದೇಶದಲ್ಲಿ ಬೆಳೆಯುವ ಮಕ್ಕಳಿಗೆ ತವರಿನ ಚರಿತ್ರೆಯನ್ನು ಹೆಮ್ಮೆಯ ಪಟ್ಟಿಯಾಗಿಯಷ್ಟೇ ಕೊಟ್ಟರೆ, ಮುಂದೆ ಅವರು ಬೇರೆಡೆ ಬೇರೊಂದನ್ನು ಓದಿದ ದಿನ ನಮ್ಮ ಮಾತನ್ನೆಲ್ಲ ತಳ್ಳಿಹಾಕುತ್ತಾರೆ.

ಮೂರನೆಯದು ಶಾಲೆಯ ಕಟ್ಟುಪಾಡು. ಟೆಕ್ಸಾಸ್‌ನಲ್ಲಿ 2021ರಲ್ಲಿ ಬಂದ ಕಾನೂನಿನಂತೆ ವಿವಾದಿತ ವಿಷಯಗಳನ್ನು ಚರ್ಚಿಸಬೇಕೆಂದು ಶಿಕ್ಷಕರನ್ನು ಒತ್ತಾಯಿಸುವಂತಿಲ್ಲ. ಚರ್ಚಿಸುವವರು ರಾಜಕೀಯ ಪಕ್ಷಪಾತವಿಲ್ಲದೆ ಚರ್ಚಿಸಬೇಕು. ಇದರಿಂದ ಅನೇಕರು ಮೌನವನ್ನೇ ಆರಿಸಿಕೊಳ್ಳಬಹುದು. ವಸ್ತುಪಾಠ ಇಲ್ಲಿ ನೆರವಿಗೆ ಬರುತ್ತದೆ. ಮಣಿ ಎಲ್ಲಿ ಸಿಕ್ಕಿತು, ಪದಕ ಯಾವ ಲೋಹದ್ದು, ಒಪ್ಪಂದದಲ್ಲಿ ಯಾರ ಸಹಿ ಇದೆ ಎಂಬುವು ಅಭಿಪ್ರಾಯಗಳಲ್ಲ. ತೀರ್ಮಾನವನ್ನು ಶಿಕ್ಷಕರು ಹೇಳಬೇಕಾಗಿಲ್ಲ. ಮಕ್ಕಳು ಸಾಕ್ಷ್ಯದಿಂದ ತಲುಪುತ್ತಾರೆ.

ಕನ್ನಡ ಶಾಲೆಯ ಪೆಟ್ಟಿಗೆ

ವಾರಾಂತ್ಯದ ಕನ್ನಡ ಶಾಲೆಗಳು ಇಂಥ ಒಂದು ಪೆಟ್ಟಿಗೆಯನ್ನು ತಾವೇ ಸಿದ್ಧಪಡಿಸಬಹುದು. ಕೆಲವು ಗಾಜಿನ ಮಣಿಗಳು. ಒಂದು ಹತ್ತಿಯ ಕಾಯಿ, ಒಂದು ತುಂಡು ಖಾದಿ. ಟಿಪ್ಪುವಿನ ಹುಲಿಯ ಮತ್ತು ಪದಕದ ಚಿತ್ರಗಳು. ಮೂರನೆಯ ಕೃಷ್ಣರಾಜ ಒಡೆಯರ ಕಾಲದ, ಕನ್ನಡ ಅಕ್ಷರಗಳಿರುವ ತಾಮ್ರದ ಕಾಸಿನ ಮತ್ತು 1835ರ ಕಂಪನಿಯ ಕಾಲು ಆಣೆಯ ಪ್ರತಿಕೃತಿಗಳು. ಎರಡು ನಾಣ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು, ಯಾವುದರ ಮೇಲೆ ಯಾವ ಭಾಷೆ ಇದೆ ಎಂದು ಕೇಳಿದರೆ ಸಾಕು. ಕನ್ನಡ ಓದಲು ಕಲಿಯುತ್ತಿರುವ ಮಗುವಿಗೆ ಆ ಅಕ್ಷರಾಭ್ಯಾಸಕ್ಕೂ ಒಂದು ಅರ್ಥ ಬಂದೀತು.

ಊರಿನ ಅಟ್ಟದ ಮೇಲಿರುವ ಹಳೆಯ ನಾಣ್ಯವನ್ನೋ ತಾಳೆಗರಿಯನ್ನೋ ಸೂಟ್‌ಕೇಸಿನಲ್ಲಿ ತರುವ ಆಸೆ ಹುಟ್ಟುವುದು ಸಹಜ. ಅದು ಸಲ್ಲದು. ಭಾರತದ 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷಕ್ಕೆ ಮೇಲ್ಪಟ್ಟ ಇಂಥ ವಸ್ತುಗಳನ್ನೂ, 75 ವರ್ಷಕ್ಕೆ ಮೇಲ್ಪಟ್ಟ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಕೊಳ್ಳೆಯ ಚರಿತ್ರೆಯನ್ನು ಕಲಿಸಲು ಹೊರಟವರು ಅದಕ್ಕೆ ಇನ್ನೊಂದು ವಸ್ತುವನ್ನು ಸೇರಿಸಬಾರದು. ಆ ವಸ್ತು ಊರಿನಲ್ಲೇ ಇರಲಿ, ಅಜ್ಜ ಅಜ್ಜಿಯರ ಮಾತಿನೊಡನೆ ಅದರ ಚಿತ್ರ ಬರಲಿ.

ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಒಂದು ಪಟ್ಟಿ ಅಂಟಿಸಿರಬೇಕು: ವಸ್ತುವಿನ ಹೆಸರು, ಅಸಲಿಯೋ ಪ್ರತಿಕೃತಿಯೋ, ಎಲ್ಲಿಂದ ಬಂತು, ಕೊಟ್ಟವರು ಯಾರು, ಹಿಂದಿರುಗಿಸಬೇಕಾದ ದಿನ ಯಾವುದು. ಅದನ್ನು ಮಕ್ಕಳ ಕೈಯಿಂದಲೇ, ಕನ್ನಡದಲ್ಲೇ ತುಂಬಿಸುವುದು ಒಳ್ಳೆಯದು. ಕೊನೆಯ ಕಲಮನ್ನು ತುಂಬುವಾಗ ಯಾವುದಾದರೂ ಮಗು ಲಂಡನ್ನಿನ ಹುಲಿಗೆ ಹಿಂದಿರುಗಿಸುವ ದಿನ ಯಾವುದೆಂದು ಕೇಳದೆ ಇರದು. ಶಿಕ್ಷಕರು ಅದಕ್ಕೆ ಉತ್ತರ ಕೊಡಬೇಕಾಗಿಲ್ಲ; ಆ ಪ್ರಶ್ನೆಯನ್ನು ಕೇಳಿದ ಮಗು ಪಾಠವನ್ನು ಕಲಿತಿದೆ.